ಕೂಕಟ್‌ಪಲ್ಲಿಯ ಮಾಳಿಗೆ ಮೇಲೊಂದು ಟೆಲಿಸ್ಕೋಪು

ಆಕಾಶ ನೋಡುವವರಿಗೆ ಆಕಾಶದಿಂದ ಯಾವತ್ತೂ ತೊಂದರೆಯಾಗುವುದಿಲ್ಲ. ಗ್ರಹಗಳು ಬರಬೇಕಾದ ಹೊತ್ತಿಗೆ ಬರುತ್ತವೆ, ಹೋಗಬೇಕಾದ ಹೊತ್ತಿಗೆ ಹೋಗುತ್ತವೆ, ನಡುವೆ ಯಾರಿಗೂ ಫೋನು ಮಾಡುವುದಿಲ್ಲ. ತೊಂದರೆಗಳೆಲ್ಲ ಮಾಳಿಗೆಯಿಂದ ಕೆಳಗೆ. ಹೈದರಾಬಾದಿನಲ್ಲಿ ನಮ್ಮದೊಂದು ಸಣ್ಣ ಖಗೋಳ ಸಂಘವಿದೆ. ಅಲ್ಲಿ ಪ್ರತಿ ಶನಿವಾರ ಏನಾದರೊಂದು ಆಗುತ್ತದೆ. ಆದದ್ದರಲ್ಲಿ ಖಗೋಳದ ಪಾಲು ಮಾತ್ರ ಯಾವಾಗಲೂ ಕಡಿಮೆ.

ಸಂಘದವರೆಲ್ಲ ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರು. ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ, ಆಟೋದಲ್ಲಿ ಎರಡೂ. ವಾರಕ್ಕೊಮ್ಮೆಯಾದರೂ ಯಾರ ಮುಂದಾದರೂ 'ಭಾಳ' ಅನ್ನದಿದ್ದರೆ ಇವರಿಗೆ ಊಟ ಸೇರುವುದಿಲ್ಲ. ನಕ್ಷತ್ರಗಳು ಅದಕ್ಕೊಂದು ಮರ್ಯಾದಸ್ಥ ನೆಪ. ಪಟ್ಟಿಯಲ್ಲಿ ಸದಸ್ಯರು ಹಲವರಿದ್ದಾರೆ. ತಪ್ಪದೆ ಬರುವವರು ಮೂವರು: ಅಧ್ಯಕ್ಷರು, ಬಟ್ಟೆ ಅಂಗಡಿ ಇಟ್ಟಿರುವ ಖಜಾಂಚಿ, ಮತ್ತು ನಾನು. ನನ್ನ ಹುದ್ದೆ ಉಪಾಧ್ಯಕ್ಷ. ಕೆಲಸ ಟೆಲಿಸ್ಕೋಪಿನ ಸ್ಟ್ಯಾಂಡು ಹೊರುವುದು.

ಸೀರೆ ಅಂಚಿನಷ್ಟು ಆಕಾಶ

ಅಧ್ಯಕ್ಷರು ಬಾಗಲಕೋಟೆ ಕಡೆಯವರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರಾಗಿ ನಿವೃತ್ತರಾಗಿ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಟೆಲಿಸ್ಕೋಪು ಅವರದೇ. ಮೊದಲು ಅದು ಅವರ ಬಾಲ್ಕನಿಯಲ್ಲಿತ್ತು. ಆ ಬಾಲ್ಕನಿಯ ಮುಂದೆ ಎರಡು ಕಟ್ಟಡಗಳು. ಅವುಗಳ ನಡುವೆ ಸೀರೆಯ ಅಂಚಿನಷ್ಟು ಆಕಾಶ. ಗ್ರಹಗಳು ಎಡಗಡೆ ಕಟ್ಟಡದ ನೀರಿನ ಟ್ಯಾಂಕಿನ ಹಿಂದಿನಿಂದ ಬಂದು, ಬಲಗಡೆಯ ಮೊಬೈಲ್ ಟವರಿನ ಹಿಂದೆ ಹೋಗುತ್ತಿದ್ದವು. ನಾವು ಮೂವರೂ ಸಾಲಾಗಿ ನಿಂತಿರುತ್ತಿದ್ದೆವು.

"ಗುರು ಬಂತ್ರಿ! ಬರ್ರಿ, ಲಗೂ ಬರ್ರಿ!" ಎಂದು ಅಧ್ಯಕ್ಷರು ಕೂಗುತ್ತಿದ್ದರು. ನನ್ನ ಪಾಳಿ ಬರುವಷ್ಟರಲ್ಲಿ, "ಹೋತ್ರಿ."

ಒಂದು ಸಂಜೆ ಅವರು ತಮ್ಮ ದುಃಖವನ್ನು ಹೇಳಿಕೊಂಡರು. "ನೋಡ್ರಿ, ಇಡೀ ಸರ್ವಿಸ್ ನಡುವಿನ ಸ್ಟೇಷನ್‌ನಾಗ ಕಳದೆ. ಗಾಡಿ ಹೊಂಡೋದು ನೋಡಲಿಲ್ಲ, ಮುಟ್ಟೋದೂ ನೋಡಲಿಲ್ಲ. ಹಸಿರು ಝಂಡಾ ತೋರಿಸಿದೆ, ಹೋತು. ಈಗ ಗ್ರಹಗೋಳೂ ಹಂಗ ಆಗ್ಯಾವ. ಏನರ ಒಂದು ಹುಟ್ಟಿದ್ದರಿಂದ ಮುಳುಗೋ ತನಕ, ನಡುವ ಕಣ್ಣು ತೆಗೀಲಾರದಂಗ ಒಮ್ಮೆ ನೋಡಬೇಕ್ರಿ. ಅಷ್ಟ ಆಸೆ ಉಳದದ್ದು."

ಅದಕ್ಕೆ ಮಾಳಿಗೆ ಬೇಕಿತ್ತು. ಮಾಳಿಗೆಗೆ ಕೀಲಿ ಹಾಕಿತ್ತು. ಕೀಲಿಕೈ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಹತ್ತಿರ. ಸೆಕ್ರೆಟರಿ ತೆಲುಗಿನವರು, ನೀರಾವರಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಮತ್ತು ಬೇಸಿಗೆ ಬಂದರೆ ನೀರೇ ಬಾರದ ಅಪಾರ್ಟ್‌ಮೆಂಟಿಗೆ ಸೆಕ್ರೆಟರಿಯಾದವರು. ಹೀಗಾಗಿ ಅವರಿಗೆ ನಗು ಕಡಿಮೆ. ಅಧ್ಯಕ್ಷರು ದೀಪಾವಳಿಗೆ ಕರದಂಟು ತೆಗೆದುಕೊಂಡು ಹೋಗಿ ಕೇಳಿದರು. ಸೆಕ್ರೆಟರಿ ಕರದಂಟು ತಿಂದು, ಬಾಯಿ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡು, ಒಂದು ಷರತ್ತು ಹಾಕಿದರು. ಕೀಲಿಕೈ ಮೇ ತಿಂಗಳ ವಾರ್ಷಿಕ ಸಭೆಯವರೆಗೆ ಮಾತ್ರ. ಅಷ್ಟರೊಳಗೆ ಬಂದ ಕಂಪ್ಲೇಂಟುಗಳನ್ನೆಲ್ಲ ಸಭೆಯ ಮುಂದಿಡುತ್ತಾರೆ. ಸಭೆ ಒಪ್ಪಿದರೆ ಕೀಲಿಕೈ ಕಾಯಂ. ಇಲ್ಲದಿದ್ದರೆ ವಾಪಸು.

"ಆಕಾಶ ನೋಡಿದ್ರ ಕಂಪ್ಲೇಂಟ್ ಯಾರು ಕೊಡತಾರ್ರಿ?" ಎಂದು ಅಧ್ಯಕ್ಷರು ಮೆಟ್ಟಿಲಿಳಿಯುತ್ತ ನಮ್ಮನ್ನು ಕೇಳಿದರು. ಜೀವನಪೂರ್ತಿ ಸರ್ಕಾರಿ ನೌಕರಿ ಮಾಡಿದವರು ಕೇಳುವ ಪ್ರಶ್ನೆಯಲ್ಲ ಅದು.

ಅವ ನನ್ನ ನೋಡಬಾರದು

ಕೀಲಿಕೈ ಸಿಕ್ಕ ಮೊದಲ ಶನಿವಾರ ಅಪಾರ್ಟ್‌ಮೆಂಟಿನವರನ್ನೆಲ್ಲ ಕರೆಯುವುದೆಂದು ತೀರ್ಮಾನವಾಯಿತು. ಪಟಾಕಿಯ ಹೊಗೆ ಇಳಿದಿತ್ತು. ಸಂಜೆ ಶನಿ ಗ್ರಹ ಉಂಗುರ ಸಮೇತ ಚೆನ್ನಾಗಿ ಕಾಣುತ್ತಿತ್ತು. ಅಧ್ಯಕ್ಷರು ಲಿಫ್ಟಿನ ಬಾಗಿಲಿಗೆ 'ಇಂದು ಸಂಜೆ ಮಾಳಿಗೆಯ ಮೇಲೆ ಶನಿ ದರ್ಶನ, ಸರ್ವರೂ ಬರಬೇಕು' ಎಂದು ಮೂರು ಭಾಷೆಗಳಲ್ಲಿ ಚೀಟಿ ಅಂಟಿಸಿದರು. ಮೂರು ಭಾಷೆಯವರೂ ಬರಲಿಲ್ಲ.

ಬಂದವರು ಎರಡನೇ ಮಹಡಿಯ ಅಜ್ಜಿಯೊಬ್ಬರೇ. ಬೀದರ್ ಕಡೆಯವರು. ಮಾಳಿಗೆಯ ಬಾಗಿಲು ತೆಗೆದಿದ್ದಾರೆಂದು ಕೇಳಿ, ಬೇಸಿಗೆಯಲ್ಲಿ ಸಂಡಿಗೆ ಹಾಕಲು ಜಾಗ ನೋಡಿಕೊಂಡು ಹೋಗಲು ಬಂದಿದ್ದರು. ಅಧ್ಯಕ್ಷರು ಬಿಡಲಿಲ್ಲ.

"ಬರ್ರಿ ಅವ್ವಾರ, ಶನೀನ್ನ ನೋಡ್ರಿ."

"ನಾ ನೋಡಾಕ ಅಡ್ಡಿ ಇಲ್ಲಪಾ. ಅವ ನನ್ನ ನೋಡಬಾರದು."

"ಅವ ಹೆಂಗ ನೋಡತಾನ್ರಿ? ಇದು ಬರೇ ಕೊಳವಿ. ಅಲ್ಲಿಂದ ಹೊಂಟ ಬೆಳಕು ಇದರಾಗ ಹಾದು ನಮ್ಮ ಕಣ್ಣಾಗ ಬೀಳತೈತಿ, ಅಷ್ಟ."

"ಅಲ್ಲಿಂದ ಇಲ್ಲಿಗೆ ಬರತೈತಿ?"

"ಹೌದ್ರಿ."

"ಬಂದು ಸೀದಾ ಕಣ್ಣಾಗ ಬೀಳತೈತಿ?"

"ಹೌದ್ರೀ!" ಎಂದು ಅಧ್ಯಕ್ಷರು, ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲವೆಂಬ ಸಂತೋಷದಲ್ಲಿ ಹೇಳಿದರು.

"ಅದನ್ನ ತಪ್ಪಸಾಕಂತ ನಾವು ವಾರಾವಾರಾ ಎಳ್ಳೆಣ್ಣಿ ಹಾಕತೀವಿ. ನೀವು ಕೊಳವಿ ಹಚ್ಚಿ ಕರಸ್ತೀರಿ," ಎಂದು ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಖಜಾಂಚಿ ಮುಂದೆ ಬಂದರು. ಗಿರಾಕಿ ಬಟ್ಟೆ ಮುಟ್ಟಿ ನೋಡುವ ಮೊದಲು ಮಿಲ್ಲಿನ ಹೆಸರು ಹೇಳಬಾರದೆಂಬುದು ಅವರ ವ್ಯಾಪಾರದ ಪಾಠ. "ಶನಿ ಬಿಡ್ರಿ ಅವ್ವಾ. ಇಲ್ಲೊಂದು ಉಂಗುರ ಹಾಕ್ಕೊಂಡ ಗ್ರಹ ಐತಿ. ಭಾಳ ನಾಜೂಕು. ಒಮ್ಮೆ ಕಣ್ಣು ಹಾಯಿಸ್ರಿ, ಮನಸ್ಸಿಗೆ ಬಂದ್ರ ನೋಡ್ರಿ, ಇಲ್ಲಾಂದ್ರ ಇಲ್ಲ."

ಅಜ್ಜಿ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. "ಅಯ್ಯ, ಏನು ಚಂದ ಐತಪಾ! ಮೂಗುತಿ ಕೆತ್ತಿ ಇಟ್ಟಂಗ ಐತಿ. ಯಾವುದಿದು?"

ಖಜಾಂಚಿ ಮೊಬೈಲ್ ಟವರಿನ ಕಡೆ ನೋಡಿದರು. ಅಧ್ಯಕ್ಷರಿಗೆ ಸುಳ್ಳು ಬರುವುದಿಲ್ಲ. "ಶನಿ ರೀ," ಅಂದರು.

ಅಜ್ಜಿ ಸರಸರ ಇಳಿದು ಹೋದರು. ಮರುದಿನ ಅಧ್ಯಕ್ಷರಿಂದ ಕೀಲಿಕೈ ಕೇಳಿ ಪಡೆದು ಬಂದು, ನಾವು ಮಾಳಿಗೆಯಲ್ಲೇ ಬಿಟ್ಟಿದ್ದ ಸ್ಟ್ಯಾಂಡಿನ ಬುಡದಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿದರು. ಸ್ಟ್ಯಾಂಡಿನ ಒಂದು ಕಾಲಿಗೆ ಎಳ್ಳು ಕಟ್ಟಿದ ಕಪ್ಪು ಬಟ್ಟೆ ಬಿಗಿದರು. ಮುಂದಿನ ಶನಿವಾರ ದೀಪಗಳು ಹೆಚ್ಚಾಗಿದ್ದವು. ಚೀಟಿ ಓದಿ ಬಾರದಿದ್ದ ಮೂರೂ ಭಾಷೆಯವರು ಈಗ ಬರತೊಡಗಿದ್ದರು. ಸೆಕ್ರೆಟರಿ 'ಮಾಳಿಗೆಯ ಮೇಲೆ ಅನುಮತಿಯಿಲ್ಲದ ಗುಡಿ' ಎಂದು ಮೊದಲ ಕಂಪ್ಲೇಂಟು ದಾಖಲಿಸಿದರು.

ಒಂದು ಅನುಕೂಲವಾಯಿತೆಂದು ಮಾತ್ರ ಹೇಳಲೇಬೇಕು. ಈಗ ಎಲ್ಲರೂ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬರುತ್ತಾರೆ. ಸಂಘದ ಇತಿಹಾಸದಲ್ಲಿ ಟೆಲಿಸ್ಕೋಪಿನ ಕನ್ನಡಿಯ ಮೇಲೆ ಇಷ್ಟು ಕಡಿಮೆ ಧೂಳು ಎಂದೂ ಇರಲಿಲ್ಲ.

ಕತ್ತಲೆ ಬೇಕಾದವರು

ಪಕ್ಕದ ಪ್ಲಾಟಿನಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿಯ ಫೋಕಸ್ ಲೈಟಿನಿಂದ ಅರ್ಧ ಆಕಾಶ ಹಾಲಿನಂತಾಗಿ ನಕ್ಷತ್ರಗಳೆಲ್ಲ ಅಳಿಸಿ ಹೋಗಿದ್ದವು. ಅಧ್ಯಕ್ಷರು ಹೋಗಿ ವಿಚಾರಿಸಿದರೆ ಮೇಸ್ತ್ರಿ ಯಾದಗಿರಿಯವನು. ಕೆಲಸದವರೂ ಆ ಕಡೆಯವರೇ. ಅಧ್ಯಕ್ಷರು ಎದೆಯುಬ್ಬಿಸಿ ಕನ್ನಡದಲ್ಲಿ ಕೇಳಿದರು:

"ಮೇಸ್ತ್ರಿ, ಶನಿವಾರ ಸಂಜಿಮುಂದ ನಾವು ಮಾಳಗಿ ಮ್ಯಾಲೆ ಇರತೀವಿ. ಈ ಲೈಟ್ ಒಂಚೂರು ತಿರುಗಸ್ತೀರೇನು?"

"ನಮ್ಮ ಭಾಷಾದಾಗ ಮಾತಾಡಿದ್ರಿ, ಅಷ್ಟ ಸಾಕ್ರಿ ಯಪ್ಪಾ. ಶನಿವಾರ ನೋಡ್ರಿ ನೀವು."

ಶನಿವಾರ ನೋಡಿದೆವು. ಲೈಟನ್ನು ಸರಿಯಾಗಿ ನಮ್ಮ ಮಾಳಿಗೆಗೇ ತಿರುಗಿಸಿದ್ದ. ಮದುವೆ ಮನೆಯಾಗಿತ್ತು. ಕೆಳಗಿನಿಂದ ಮೇಸ್ತ್ರಿ ಕೂಗಿದ: "ಬರೋಬ್ಬರಿ ಬೀಳಲಿಕತ್ತದೇನ್ರಿ ಯಪ್ಪಾ? ಕಮ್ಮಿ ಆದ್ರ ಇನ್ನೊಂದು ಹಚ್ಚತೀನಿ!"

ನಾವು ಮೂವರೂ ಇಳಿದು ಹೋದೆವು. ನಮಗೆ ಬೇಕಾದದ್ದು ಕತ್ತಲೆ ಎಂದು ಅಧ್ಯಕ್ಷರು ವಿವರಿಸಿದರು. ಮೇಸ್ತ್ರಿಗೆ ತಿಳಿಯಲಿಲ್ಲ. ದುಡಿಯಲು ಬಂದಾಗಿನಿಂದ ಅವನನ್ನು ಲೈಟು ಕೇಳಿದವರೇ ಎಲ್ಲ.

"ಕತ್ತಲಿ ಯಾಕ್ರಿ?"

"ಚಿಕ್ಕಿ ನೋಡಾಕ. ಆಕಾಶದಾಗಿನ ನಕ್ಷತ್ರ."

ಮೇಸ್ತ್ರಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. "ಅಂದ್ರ, ಮೂರು ಮಂದಿ ಗಂಡಸರು, ಶನಿವಾರ ಸಂಜಿಗೆ, ಹೆಣಮಕ್ಕಳು ಬರಲಾರದ ಜಾಗಾದಾಗ, ಕತ್ತಲಿ ಮಾಡ್ಕೊಂಡು ಚಿಕ್ಕಿ ನೋಡತೀರಿ."

"ಹೌದು."

"ತಿಳೀತ್ರಿ," ಎಂದು ಒಂದು ಕಣ್ಣು ಮಿಟುಕಿಸಿದ. "ಇದನ್ನ ಮೊದಲ ಹೇಳಬೇಕಿಲ್ಲೇನ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಅಂದಿನಿಂದ ಪ್ರತಿ ಶನಿವಾರ ಸಂಜೆ ಲೈಟು ತಾನಾಗಿ ಆರುತ್ತಿತ್ತು. ಎರಡನೇ ವಾರ ಅವನ ಕೆಲಸದವನೊಬ್ಬ ಪೇಪರಿನಲ್ಲಿ ಕಟ್ಟಿದ ಖಾರದ ಶೇಂಗಾ ತಂದುಕೊಟ್ಟ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಅರ್ಧ ನಿಂಬೆಹಣ್ಣು. "ಮೇಸ್ತ್ರಿ ಕೊಟ್ಟಾನ್ರಿ. ಖಾಲಿ ತಗೋಬಾರದಂತ." ಅಧ್ಯಕ್ಷರು ಸಿಟ್ಟಿನಿಂದ ಕೆಂಪಾದರು. ಆದರೆ ಶೇಂಗಾ ತಿರಸ್ಕರಿಸಿದರೆ ಕತ್ತಲೆಯೂ ಹೋಗುತ್ತದೆಂದು ಯೋಚಿಸಿ ತಿಂದರು. ಖಜಾಂಚಿ ಅಷ್ಟೇನೂ ಯೋಚಿಸಲಿಲ್ಲ.

ಮೂರನೇ ವಾರ ಆ ಕೆಲಸದವನಿಗೆ ಲಿಫ್ಟಿನಲ್ಲಿ ಜೊತೆಯಾದವರು ಸೆಕ್ರೆಟರಿ. ನಾವು ಮೂವರೂ ಹೆಂಡ ಮುಟ್ಟದವರೆಂದು ನಾನು ಎಲ್ಲಿ ಬೇಕಾದರೂ ಬರೆದುಕೊಡಬಲ್ಲೆ. ಸೆಕ್ರೆಟರಿ ನಂಬಲಿಲ್ಲ, ಎರಡನೇ ಕಂಪ್ಲೇಂಟು ಬರೆದುಕೊಂಡರು. ಶೇಂಗಾ ಇತ್ತಲ್ಲ.

ತಲೆಕೆಳಗಾದ ಯಜಮಾನರು

ರಸ್ತೆಯಾಚೆ ಇನ್ನೊಂದು ಅಪಾರ್ಟ್‌ಮೆಂಟಿದೆ. ಅಲ್ಲಿ ವಿಜಯಪುರದ ಕಡೆಯ ಒಬ್ಬ ಟೀಚರ್ ಇದ್ದಾರೆ, ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಸಂಕ್ರಾಂತಿಯ ಮರುವಾರ, ಇನ್ನೂ ಬೆಳಕಿರುವಾಗಲೇ ನಾವು ಟೆಲಿಸ್ಕೋಪು ಹೊಂದಿಸುತ್ತಿದ್ದಾಗ ಅವರು ಸೆಕ್ರೆಟರಿಯನ್ನು ಕರೆದುಕೊಂಡು ಮಾಳಿಗೆಗೆ ಬಂದರು. ನಮ್ಮ ಟೆಲಿಸ್ಕೋಪು ತಮ್ಮ ಅಡಿಗೆಮನೆಯನ್ನು ನೋಡುತ್ತಿದೆಯೆಂದು ಅವರ ದೂರು.

ಅಧ್ಯಕ್ಷರಿಗೆ ಮಾತು ತಡವರಿಸಿತು. ಇದು ದೀಪ, ಶೇಂಗಾದಂಥ ಆರೋಪವಲ್ಲ. "ಹಂಗೇನಿಲ್ಲ ಟೀಚರ್. ಈ ಕೊಳವ್ಯಾಗ ಎಲ್ಲಾ ತಲಿಕೆಳಗ ಕಾಣತೈತಿ. ಆಕಾಶದಾಗ ಮ್ಯಾಲೆ ಕೆಳಗ ಅಂತ ಇಲ್ಲಲ್ರಿ, ಅದಕ್ಕ ನಡೀತೈತಿ. ಮನಿ, ಮಂದಿ ನೋಡಾಕ ಬರಂಗಿಲ್ಲ."

"ತಲಿಕೆಳಗ ಕಂಡ್ರ ಅದು ನನ್ನ ಅಡಗಿಮನಿ ಅಲ್ಲಂತ ಆಗತೈತೇನ್ರಿ?"

"ನೀವ ನೋಡ್ರಿ," ಎಂದು ಅಧ್ಯಕ್ಷರು, ಸತ್ಯವೇ ತಮ್ಮನ್ನು ಕಾಪಾಡುತ್ತದೆಂಬ ಧೈರ್ಯದಲ್ಲಿ, ಕೊಳವೆಯನ್ನು ಅತ್ತ ತಿರುಗಿಸಿಕೊಟ್ಟರು.

ಟೀಚರ್ ಕಣ್ಣಿಟ್ಟರು. ಅವರ ಮುಖ ಗಂಭೀರವಾಯಿತು. ಕಣ್ಣು ತೆಗೆಯದೆಯೇ ಪರ್ಸಿನಿಂದ ಫೋನು ಹೊರತೆಗೆದರು.

"ಏನು ಮಾಡಾಕತ್ತೀರಿ?... ಪೇಪರ್ ಓದಾಕತ್ತೀರಿ? ಓದ್ರಿ, ಓದ್ರಿ. ಮೊದಲ ಬಾಯಾಗಿನ ಬೇಸನ್ ಉಂಡಿ ನುಂಗ್ರಿ. ಕೈಯಾಗಿಂದು ಡಬ್ಬಿಯೊಳಗ ಹಾಕ್ರಿ. ಇಲ್ಲ, ಎಡಗೈಯಾಗ ಇನ್ನೊಂದೈತಲ್ಲ, ಅದನ್ನೂ."

ಅವರ ಯಜಮಾನರಿಗೆ ಸಕ್ಕರೆ ಕಾಯಿಲೆಯೆಂದು ಆಮೇಲೆ ತಿಳಿಯಿತು. ಆ ಕ್ಷಣ ನಮಗೆ ತಿಳಿದದ್ದು ಫೋನಿನ ಆ ತುದಿಯಲ್ಲಿ ಉಸಿರೇ ನಿಂತಿದೆ ಎಂಬುದು ಮಾತ್ರ.

"ಈಗ ಮ್ಯಾಲೆ ನೋಡಾಕತ್ತಾರ," ಎಂದು ಟೀಚರ್ ನಮಗೆ ವರದಿ ಒಪ್ಪಿಸಿದರು. "ದೇವ್ರು ಅಂತ ತಿಳಕೊಂಡಾರ. ಕೈ ಮುಗಿಯಾಕತ್ತಾರ."

ಟೀಚರ್ ಅಲ್ಲೇ ದೂರು ವಾಪಸು ತೆಗೆದುಕೊಂಡರು. ಇಂಥ ಉಪಕರಣ ಪ್ರತಿ ಓಣಿಯಲ್ಲೂ ಒಂದಿರಬೇಕೆಂದು ಸೆಕ್ರೆಟರಿಗೆ ಹೇಳಿದರು. ಅಧ್ಯಕ್ಷರು ಎಷ್ಟೋ ವಾರಗಳ ನಂತರ ನಕ್ಕರು.

ಮರುದಿನ ಬೆಳಿಗ್ಗೆ ಅವರ ಯಜಮಾನರು ಬಂದು ದೂರು ಕೊಟ್ಟರು.

ನೆರಳಿಲ್ಲದ ಮಧ್ಯಾಹ್ನ

ಹೀಗೆ ಮೂರು ಕಂಪ್ಲೇಂಟುಗಳಾದವು. ಸಭೆಗೆ ಮೊದಲು ಸೆಕ್ರೆಟರಿಯ ಮನಸ್ಸು ಗೆಲ್ಲುವಂಥ ಒಂದು ದೊಡ್ಡ ಕಾರ್ಯಕ್ರಮ ಮಾಡಬೇಕೆಂದು ಅಧ್ಯಕ್ಷರು ನಿರ್ಧರಿಸಿದರು. ಹೈದರಾಬಾದಿನಲ್ಲಿ ಮೇ ತಿಂಗಳ ಮೊದಲ ಭಾಗದಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಸ್ವಲ್ಪ ಹೊತ್ತು ನೆರಳೇ ಇರುವುದಿಲ್ಲ. ಶನಿಯ ಹೆಸರಿಲ್ಲ, ಕತ್ತಲೆ ಬೇಡ, ಕೊಳವೆಯೂ ಬೇಡ. ಯಾರೂ ದೂರು ಕೊಡಲಾರದ ಕಾರ್ಯಕ್ರಮ.

ಅಧ್ಯಕ್ಷರು ಹಿಂದಿನ ದಿನ ಇಡೀ ಕೂತು ಒಂದು ಕಬ್ಬಿಣದ ಸಲಾಕೆಯನ್ನು ಹಲಗೆಯ ಮೇಲೆ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದರು. ಅತಿಥಿಗಳ ವ್ಯವಸ್ಥೆಯನ್ನು ಖಜಾಂಚಿಗೆ ವಹಿಸಿದರು. ಮರುದಿನ ಮಧ್ಯಾಹ್ನ ಸಲಾಕೆ ಎತ್ತಿಕೊಂಡು ಮಾಳಿಗೆಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಮಾಳಿಗೆಯ ತುಂಬ ಶಾಮಿಯಾನ.

"ಭಾಳ ಬಿಸಲು ಐತ್ರಿ," ಎಂದು ಖಜಾಂಚಿ ಹೆಮ್ಮೆಯಿಂದ ಹೇಳಿದರು. "ಅಂಗಡ್ಯಾಗಿನ ಬಟ್ಟಿ ಥಾನು ಬಿಚ್ಚಿ ನಾನ ನಿಂತು ಕಟ್ಟಿಸೇನಿ. ಒಂದು ಕಿಂಡಿ ಇಲ್ಲ. ಹನಿ ಬಿಸಲು ಒಳಗ ಬರಂಗಿಲ್ಲ."

"ಇವತ್ತು ನೆರಳು ಇರಬಾರದ್ರೀ!"

"ಅದು ನಿಮ್ಮ ಕೋಲಿಗೆ. ಮಂದಿಗೆ ಬ್ಯಾಡೇನು?"

ಜನ ಆಗಲೇ ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಸೆಕ್ರೆಟರಿ ಮುಂದಿನ ಕುರ್ಚಿಯಲ್ಲಿದ್ದರು. ಹೊತ್ತು ಹತ್ತಿರವಾಗಿತ್ತು, ಬಿಚ್ಚಿಸುವಂತಿರಲಿಲ್ಲ. ಅಧ್ಯಕ್ಷರು ಶಾಮಿಯಾನದ ಹೊರಗೆ, ಟ್ಯಾಂಕಿನ ಪಕ್ಕ ಉಳಿದಿದ್ದ ಸ್ವಲ್ಪ ಬಿಸಿಲಿನಲ್ಲಿ ಸಲಾಕೆ ಇಟ್ಟು, ಎಲ್ಲರೂ ಬನ್ನಿರೆಂದು ಕರೆದರು. ಯಾರೂ ಏಳಲಿಲ್ಲ. ಮೇ ತಿಂಗಳ ಹೈದರಾಬಾದಿನಲ್ಲಿ ಸಿಕ್ಕ ನೆರಳು ಬಿಟ್ಟು, ಇಲ್ಲದ ನೆರಳು ನೋಡಲು ಯಾರು ಹೋಗುತ್ತಾರೆ? ಕೊನೆಗೆ ಅಧ್ಯಕ್ಷರೊಬ್ಬರೇ ಬರಿದಲೆಯಲ್ಲಿ ನಿಂತು, "ಸಣ್ಣ ಆಗಾಕತ್ತೇತಿ... ಇನ್ನೂ ಸಣ್ಣ... ಹೋತು! ನೆರಳು ಹೋತ್ರಿ!" ಎಂದು ಕೂಗಿದರು. ನೆರಳಿನೊಳಗಿನಿಂದ ಚಪ್ಪಾಳೆ ಬಿತ್ತು.

ಸೆಕ್ರೆಟರಿ ಎದ್ದು ಹೊರಗಿಣುಕಿ ಸಲಾಕೆಯ ಬುಡ ನೋಡಿದರು. ಅಲ್ಲೇನೂ ಕಾಣಲಿಲ್ಲ ಎಂದರು. ಅದೇ ಕಾರ್ಯಕ್ರಮ ಎಂದು ಅಧ್ಯಕ್ಷರು ಹೇಳಿದರು. ಸೆಕ್ರೆಟರಿ ಮಜ್ಜಿಗೆ ಚೆನ್ನಾಗಿತ್ತೆಂದು ಹೊಗಳಿ, ಮುಂದಿನ ವರ್ಷ ಇದನ್ನು ಸಂಜೆ ತಂಪು ಹೊತ್ತಿನಲ್ಲಿ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟು ಇಳಿದು ಹೋದರು.

ಹುಟ್ಟಿದ್ದರಿಂದ ಮುಳುಗುವ ತನಕ

ವಾರ್ಷಿಕ ಸಭೆ ಒಂದು ಭಾನುವಾರ ಬೆಳಿಗ್ಗೆ ಸೆಲ್ಲಾರಿನಲ್ಲಿ, ಕಾರುಗಳ ನಡುವೆ ಕುರ್ಚಿ ಹಾಕಿ ನಡೆಯಿತು. ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೀಲಿಕೈಯನ್ನು ಸೆಕ್ರೆಟರಿಯ ಮೇಜಿನ ಮೇಲಿಟ್ಟರು. ದೂರುದಾರರಾಗಿ ಎದುರು ಅಪಾರ್ಟ್‌ಮೆಂಟಿನ ಯಜಮಾನರು ಬಂದಿದ್ದರು. ಅವರನ್ನು ಕಾಯಲು ಟೀಚರ್ ಬಂದಿದ್ದರು.

ಸಭೆಯ ಗಮನ ಮಾತ್ರ ಬೇರೆ ಕಡೆಗಿತ್ತು. ಹಿಂದಿನ ದಿನದಿಂದ ಎರಡೂ ಅಪಾರ್ಟ್‌ಮೆಂಟಿನ ಸಂಪಿಗೆ ಕಾರ್ಪೊರೇಷನ್ ನೀರು ಬಂದಿರಲಿಲ್ಲ. ಎರಡೂ ಕಡೆಯವರು ಟ್ಯಾಂಕರಿಗೆ ಹೇಳಿದ್ದರು. ಆದರೆ ಆ ದಿನ ಈ ಕಡೆ ಬರುವ ಟ್ಯಾಂಕರು ಒಂದೇ. ಸೆಕ್ರೆಟರಿ ದೂರುಗಳನ್ನು ಓದುತ್ತಲೇ ನಡುನಡುವೆ ಡ್ರೈವರನಿಗೆ ಫೋನು ಮಾಡುತ್ತಿದ್ದರು. ಅವನು ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದ: "ಬಸ್ ಆಗಯಾ ಸಾಬ್, ಮೋಡ್ ಪೇ ಹೂಂ." ಬಂದೇಬಿಟ್ಟೆ, ತಿರುವಿನಲ್ಲಿದ್ದೇನೆ ಎಂದು.

ದೀಪವಾಯಿತು, ಶೇಂಗಾ ಆಯಿತು, ಬೇಸನ್ ಉಂಡಿ ಆಯಿತು. ತಮ್ಮ ಪಾಳಿ ಬಂದಾಗ ಅಧ್ಯಕ್ಷರು ಎದ್ದು ನಿಂತರು. "ನನ್ನದು ಒಂದ ಆಸೆ ಐತ್ರಿ..." ಎಂದು ಶುರು ಮಾಡುವಷ್ಟರಲ್ಲಿ ಮೂರನೇ ಮಹಡಿಯಿಂದ ಯಾರೋ ಟ್ಯಾಂಕು ತಳ ಕಂಡಿತೆಂದು ಕೂಗಿದರು. ಸಭೆ ಎದ್ದು ನಿಂತಿತು. ಅಧ್ಯಕ್ಷರ ಆಸೆ ಏನೆಂದು ಯಾರೂ ಕೇಳಲಿಲ್ಲ.

ಸೆಕ್ರೆಟರಿಗೆ ಆಗ ಹೊಳೆಯಿತು. ಕೀಲಿಕೈಯನ್ನು ಅಧ್ಯಕ್ಷರ ಕೈಗೆ ವಾಪಸು ತುರುಕಿದರು. "ಮೀ ಟೆಲಿಸ್ಕೋಪ್ ಉಂದಿ ಕದಂಡೀ!" ನಿಮ್ಮ ಟೆಲಿಸ್ಕೋಪು ಇದೆಯಲ್ಲ ಎಂದು ತೆಲುಗಿನಲ್ಲೇ ಮುಂದುವರಿಸಿದರು: "ಮೇಲೆ ಹೋಗಿ ಆ ಟ್ಯಾಂಕರ್ ಎಲ್ಲಿದೆ ನೋಡಿ. ಇದೊಂದು ಕೆಲಸ ಮಾಡಿದರೆ ಕೀಲಿಕೈ ವಿಷಯ ಯೋಚನೆ ಮಾಡೋಣ."

ಅಧ್ಯಕ್ಷರು ಆ ವಯಸ್ಸಿಗೆ ಹೊಂದದ ವೇಗದಲ್ಲಿ ಮೇಲೆ ಹೋದರು. ನಾವು ಕೆಳಗೆ ಖಜಾಂಚಿಯ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ನಿಂತೆವು. ಸ್ವಲ್ಪ ಹೊತ್ತಿಗೆ ದನಿ ಬಂತು:

"ಸಿಕ್ತ್ರಿ! ಮೆಟ್ರೋ ಕಂಬದ ಆಚೆ, ಫ್ಲೈಓವರಿನ ಅಂಚಿನಾಗ ಈಗ ಹುಟ್ಟಾಕತ್ತೇತಿ! ತಲಿಕೆಳಗ ಐತಿ!"

ಖಜಾಂಚಿ ಅದನ್ನು ಪ್ರಾಮಾಣಿಕವಾಗಿ, ಒಂದು ಶಬ್ದವನ್ನೂ ಬಿಡದೆ, ತೆಲುಗಿಗೆ ಅನುವಾದಿಸಿದರು. ಸೆಕ್ರೆಟರಿ ಕುರ್ಚಿಯಲ್ಲಿ ಕುಸಿದು ಕೂತರು. ನೀಳ್ಳು, ನೀಳ್ಳು ಎಂದು ಎರಡು ಸಲ ಅಂದರು. ಕುಡಿಯಲು ಕೇಳುತ್ತಿದ್ದಾರೆಂದು ಯಾರೋ ಬಾಟಲಿ ಹುಡುಕಿದರು. ಅವರು ಚಿಂತಿಸುತ್ತಿದ್ದದ್ದು ಫ್ಲೈಓವರಿನ ಮೇಲೆ ಚೆಲ್ಲಿಹೋಗಿರಬಹುದಾದ ಟ್ಯಾಂಕರಿನ ನೀರಿನ ಬಗ್ಗೆ.

ಟೀಚರ್ ಒಬ್ಬರೇ ಶಾಂತರಾಗಿದ್ದರು. "ಏನೂ ಆಗಿಲ್ಲ. ಆ ಕೊಳವ್ಯಾಗ ತಲಿಕೆಳಗ ಕಂಡದ್ದು ನೆಟ್ಟಗ ಇರತೈತಿ. ನಮ್ಮ ಮನಿಯವರನ್ನ ನೋಡೇನಲ್ಲ," ಅಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಟೀಚರ್ ಪರ್ಸು ತೆಗೆದುಕೊಂಡು ಎದ್ದು ಹೋದರು. ಟ್ಯಾಂಕರ್ ಯಾವ ದಾರಿಯಲ್ಲಿ ಬರುತ್ತಿದೆಯೆಂದು ಆಗ ಆ ಓಣಿಯಲ್ಲಿ ತಿಳಿದಿದ್ದದ್ದು ಈ ಸೆಲ್ಲಾರಿನಲ್ಲಿದ್ದವರಿಗೆ ಮಾತ್ರ ಎಂಬುದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟೀಚರ್ ಗಣಿತದವರು.

ಫೋನಿನಿಂದ ಮತ್ತೆ ಏನೂ ಬರಲಿಲ್ಲ. ಖಜಾಂಚಿ "ಹಲೋ, ಎಲ್ಲಿಗೆ ಬಂತ್ರಿ?" ಎಂದು ಕೂಗಿದರು. ಅಂಗಿಯ ಜೇಬಿನೊಳಗಿನ ಸದ್ದು ಮಾತ್ರ ಕೇಳುತ್ತಿತ್ತು. ನಾವು ಗೇಟು ತೆಗೆದು, ಪೈಪು ಹಿಡಿದು, ಸಂಪಿನ ಮುಚ್ಚಳ ಸರಿಸಿ ಕಾದೆವು. ಆಮೇಲೆ ದೊಡ್ಡ ಪೈಪಿನಿಂದ ಸಂಪಿಗೆ ನೀರು ಬೀಳುವ ಸದ್ದು ಕೇಳಿಸಿತು. ಸದ್ದು ರಸ್ತೆಯಾಚೆಯದು. ನೀರಾವರಿಯಲ್ಲಿದ್ದವರಾದ್ದರಿಂದ ಮೊದಲು ಗುರುತಿಸಿದವರು ಸೆಕ್ರೆಟರಿಯೇ.

ಎಲ್ಲರೂ ಮಾಳಿಗೆಗೆ ಓಡಿದೆವು. ಅಧ್ಯಕ್ಷರು ಇನ್ನೂ ಟೆಲಿಸ್ಕೋಪಿನಿಂದ ಕಣ್ಣು ತೆಗೆದಿರಲಿಲ್ಲ. ಕೊಳವೆ ಈಗ ಎದುರು ಅಪಾರ್ಟ್‌ಮೆಂಟಿನ ಗೇಟಿನ ಕಡೆ ಬಾಗಿತ್ತು.

"ಟ್ಯಾಂಕರ್ ಏಮೈಂದಿ?" ಏನಾಯಿತೆಂದು ಸೆಕ್ರೆಟರಿ ಕಿರುಚಿದರು.

ಅಧ್ಯಕ್ಷರು ನಿಧಾನವಾಗಿ ಕಣ್ಣು ತೆಗೆದರು. "ಫ್ಲೈಓವರ್ ಇಳೀತ್ರಿ. ಚಾದಂಗಡಿ ಮುಂದ ನಿಂತಿತು. ಡ್ರೈವರ್ ಚಾ ಕುಡದ. ತಿರುವಿನಾಗ ಹಸಿರು ಸೀರಿ ಉಟ್ಟ ಒಬ್ಬರು ಅಡ್ಡ ಬಂದು ಕೈ ಮಾಡಿದ್ರು. ಅವರ ಗೇಟಿನೊಳಗ ಹೋತು."

ಟೀಚರ್ ಉಟ್ಟದ್ದು ಹಸಿರು ಸೀರೆ.

ಸೆಕ್ರೆಟರಿ ಕೈ ಚಾಚಿದರು. ಅಧ್ಯಕ್ಷರು ಕೀಲಿಕೈ ಕೊಟ್ಟರು. ಸಭೆ ಮುಗಿಯಿತೆಂದು ಸೆಕ್ರೆಟರಿ ಹೇಳುವಷ್ಟರಲ್ಲಿ ಮೆಟ್ಟಿಲ ಮೇಲೆ ಟೀಚರ್ ಕಾಣಿಸಿಕೊಂಡರು. ಒಂದು ಕೈಯಲ್ಲಿ ತುಂಬಿದ ಕೊಡ, ಇನ್ನೊಂದರಲ್ಲಿ ಇನ್ನೊಂದು ಕೀಲಿಕೈ.

"ಸರ್, ನಿಮ್ಮಿಂದ ನಮಗ ನೀರು ಬಂತು. ನಮ್ಮ ಮಾಳಗಿ ಖಾಲಿ ಬಿದ್ದೈತಿ, ನಿಮ್ಮದಕ್ಕಿಂತ ಒಂದು ಮಹಡಿ ಎತ್ತರ. ಟೆಲಿಸ್ಕೋಪು ಅಲ್ಲಿಗೆ ತರ್ರಿ. ಅಲ್ಲಿಂದ ಫ್ಲೈಓವರಿನ ಆಚಿನೂ ಕಾಣತೈತಿ."

ಹಿಂದೆ ಹತ್ತಿ ಬಂದಿದ್ದ ಅವರ ಯಜಮಾನರು ಮೊದಲ ಬಾರಿಗೆ ಬಾಯಿ ಬಿಟ್ಟರು. "ಹೌದ್ರಿ, ಬರ್ರಿ, ಬರ್ರಿ. ನಮ್ಮ ಮಾಳಗಿಯಿಂದ ನಮ್ಮ ಅಡಗಿಮನಿ ಕಾಣಂಗಿಲ್ಲ." ಕೊಟ್ಟ ದೂರನ್ನೂ ಅಲ್ಲೇ ವಾಪಸು ತೆಗೆದುಕೊಂಡರು.

ಸೆಕ್ರೆಟರಿ ಆ ಎತ್ತರದ ಮಾಳಿಗೆಯನ್ನು ನೋಡಿದರು. ಫ್ಲೈಓವರನ್ನು ನೋಡಿದರು. ಜೂನ್ ಇನ್ನೂ ಬಂದಿಲ್ಲ, ಮಳೆ ಎಂದೋ. ಇನ್ನು ಬರುವ ಒಂದೊಂದು ಟ್ಯಾಂಕರನ್ನೂ ಮೊದಲು ಯಾರು ಕಾಣುತ್ತಾರೆಂಬುದು ಅವರ ಮುಖದ ಮೇಲೆ ಹಾದುಹೋಯಿತು. ಕೀಲಿಕೈಯನ್ನು ಅಧ್ಯಕ್ಷರ ಅಂಗಿಯ ಜೇಬಿಗೆ ತಾವೇ ಇಳಿಬಿಟ್ಟು, ಟೆಲಿಸ್ಕೋಪು ಎಲ್ಲಿಗೂ ಹೋಗಕೂಡದು, ಕೀಲಿಕೈ ಕಾಯಂ ಎಂದು ಸಾರಿದರು. ಬೇಕಾದರೆ ಸಿಮೆಂಟಿನ ಕಟ್ಟೆ ಕಟ್ಟಿಸೋಣ, ಶನಿವಾರ ದೀಪವೂ ಇರಲಿ, ಶೇಂಗಾ ಕೂಡ ಇರಲಿ. ಜೊತೆಗೆ ಏನೇ ಬೇಕಿದ್ದರೂ ಇರಲಿ ಎಂದು ದನಿ ತಗ್ಗಿಸಿ ಸೇರಿಸಿದರು.

ಎಲ್ಲರೂ ಇಳಿದು ಹೋದ ಮೇಲೆ ನಾನು ಅಧ್ಯಕ್ಷರನ್ನು ಕೇಳಿದೆ: "ಅಲ್ರೀ, ಟ್ಯಾಂಕರ್ ಅತ್ತಾಗ ತಿರುಗಿದ್ದನ್ನ ಕಂಡ್ರಿ. ಫೋನು ಜೇಬಿನಾಗ ಇತ್ತು. ಒಂದು ಮಾತು ಹೇಳಬಾರದಾಗಿತ್ತೇನು?"

ಅಧ್ಯಕ್ಷರು ಜೇಬಿನೊಳಗಿನ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡರು.

"ಹೇಳಬೇಕಂದ್ರ ಕಣ್ಣು ತೆಗೀಬೇಕಾಗ್ತಿತ್ತಲ್ರಿ. ಜೀವಮಾನದಾಗ ಮೊದಲನೇ ಸಲ ಒಂದನ್ನ ಹುಟ್ಟಿದ್ದರಿಂದ ಮುಳುಗೋ ತನಕ ನೋಡಾಕತ್ತಿದ್ದೆ."